ಲಾರಿಗೆ ಹ್ಯಾಮ್ ರೇಡಿಯೋ: ಸೆಟ್ ಕೂರಿಸುವ ಮೊದಲು ತಿಳಿಯಬೇಕಾದದ್ದು



ಕಳೆದ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಲಾರಿ ಇಟ್ಟುಕೊಂಡಿರುವ ನಮ್ಮ ಕೆಲವು ಸದಸ್ಯರು ಒಂದು ಪ್ರಸ್ತಾಪ ಮುಂದಿಟ್ಟರು. ಕುಂಡಯಿ ಕೈಗಾರಿಕಾ ವಸಾಹತಿನಿಂದ ಮಾಲು ಹೇರಿಕೊಂಡು ಬೆಳಗಾವಿ, ಹುಬ್ಬಳ್ಳಿ, ಕಾರವಾರದ ಕಡೆ ಹೋಗುವ ನಮ್ಮವರ ಗಾಡಿಗಳಿಗೆ ಹ್ಯಾಮ್ ರೇಡಿಯೋ ಸೆಟ್ ಕೂರಿಸಬೇಕು, ಖರ್ಚಿನಲ್ಲಿ ಒಂದು ಪಾಲನ್ನು ಸಂಘ ಭರಿಸಬೇಕು ಎಂಬುದು ಅವರ ಕೋರಿಕೆ. ಚರ್ಚೆ ಒಂದೂವರೆ ತಾಸು ನಡೆಯಿತು. ಚಹಾ ಎರಡು ಸಲ ಬಂತು. ಕೊನೆಗೆ, ಕಾರ್ಯದರ್ಶಿಗಳು ವಿಷಯವನ್ನು ಸರಿಯಾಗಿ ತಿಳಿದುಕೊಂಡು ಬುಲೆಟಿನ್ನಿನಲ್ಲಿ ಬರೆಯಲಿ, ಆಮೇಲೆ ತೀರ್ಮಾನಿಸೋಣ ಎಂದು ಠರಾವಾಯಿತು. ಆ ಠರಾವಿನ ಪ್ರಕಾರ ಈ ಬರಹ.

ಪ್ರಸ್ತಾಪ ಸುಮ್ಮನೆ ಹುಟ್ಟಿದ್ದಲ್ಲ. ಪೋಂಡಾ, ಧಾರಬಾಂದೋಡಾ ದಾಟಿ ಮೊಲೆಂ ಬಿಟ್ಟರೆ ಅನಮೋಡ ಘಾಟು ಶುರು. ಈಚೆ ಗೋವಾದ ಭಗವಾನ್ ಮಹಾವೀರ ಅಭಯಾರಣ್ಯ, ಆಚೆ ಕರ್ನಾಟಕದ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ನಡುವಿನ ತಿರುವುಗಳಲ್ಲಿ ಫೋನು ಕೈಕೊಡುತ್ತದೆ. "ಘಾಟಿನಾಗ ಫೋನ್ ಹತ್ತಂಗಿಲ್ರೀ" ಎಂದು ಡ್ರೈವರಣ್ಣಂದಿರು ಹೇಳುವುದನ್ನು ನಾವು ವರ್ಷಗಳಿಂದ ಕೇಳುತ್ತಿದ್ದೇವೆ. 2025ರ ಜುಲೈನಲ್ಲಿ ಇದೇ ಘಾಟಿನಲ್ಲಿ ರಸ್ತೆಯ ಒಂದು ಭಾಗ ಕುಸಿಯಿತು, ಭಾರೀ ವಾಹನಗಳಿಗೆ ತಡೆ ಬಿತ್ತು. ಇಂಥ ಹೊತ್ತಿನಲ್ಲಿ ಮುಂದೆ ಏನಾಗಿದೆ ಎಂದು ಗೊತ್ತಾಗುವುದು ಎದುರಿನಿಂದ ಬರುವ ಲಾರಿ ಹೆಡ್‌ಲೈಟ್ ಮಿಣುಕಿಸಿದರೆ, ಇಲ್ಲವೇ ಯಾರೋ ಮಾರಾಯರು ರಸ್ತೆಗೆ ಮರದ ಟೊಂಗೆ ಮುರಿದು ಹಾಕಿದ್ದರೆ ಮಾತ್ರ.

ಅದಕ್ಕೂ ಹಿಂದಿನ ವರ್ಷದ ಶಿರೂರನ್ನು ಯಾರೂ ಮರೆತಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದು, ರಸ್ತೆ ಬದಿಯ ಚಹಾದಂಗಡಿ, ನಿಂತ ವಾಹನಗಳು ಎಲ್ಲವೂ ಗಂಗಾವಳಿ ನದಿಯ ಪಾಲಾದವು. ಕಟ್ಟಿಗೆ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿ, ಒಳಗಿದ್ದ ಚಾಲಕನ ಸಮೇತ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, 71 ದಿನಗಳ ಮೇಲೆ. ಅದೂ ಗೋವಾದಿಂದ ಡ್ರೆಜರ್ ತರಿಸಿ ನದಿಯ ಮಣ್ಣು ತೆಗೆದಾಗ. ಆ ಲಾರಿಯ ಜಿಪಿಎಸ್ ಕೊನೆಯದಾಗಿ ತೋರಿಸಿದ ಜಾಗವೇ ಹುಡುಕುವವರಿಗೆ ಮೊದಲ ಆಧಾರವಾಗಿತ್ತು. ಗುಡ್ಡ ತಲೆಯ ಮೇಲೆ ಬಿದ್ದಾಗ ಯಾವ ರೇಡಿಯೋವೂ ಉಳಿಸದು, ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ರೇಡಿಯೋದ ಪ್ರಯೋಜನ ಇರುವುದು ಹಿಂದೆ ಬರುತ್ತಿರುವ ಗಾಡಿಗೆ, ಘಾಟಿನ ನಡುವೆ ರಾತ್ರಿಯಿಡೀ ಸಿಕ್ಕಿಬಿದ್ದವರಿಗೆ, ಮನೆಯಲ್ಲಿ ದಾರಿ ಕಾಯುವವರಿಗೆ.

ಮೊಬೈಲ್ ಟವರ್ ಬರುತ್ತದಲ್ಲ, ಕಾಯೋಣ ಎಂದು ಸಭೆಯಲ್ಲಿ ಒಬ್ಬರು ಅಂದರು. ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ನಿಜ. ಆದರೆ ಅಲ್ಲಿ ಲೆಕ್ಕ ಹಿಡಿದಿರುವುದು ಹಳ್ಳಿಗಳನ್ನು. ಘಾಟಿನ ತಿರುವಿಗೆ ಜನಸಂಖ್ಯೆ ಇಲ್ಲ, ಮತದಾರರ ಪಟ್ಟಿ ಇಲ್ಲ. ಜತೆಗೆ ಕಾಡಿನೊಳಗೆ ಕಂಬ ನೆಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗಾಡಿಯಲ್ಲಿರುವ ಜಿಪಿಎಸ್ ಪೆಟ್ಟಿಗೆಯೂ ಮೊಬೈಲ್ ಸಿಮ್ಮನ್ನೇ ನಂಬಿಕೊಂಡದ್ದು. ಸಿಗ್ನಲ್ ಇಲ್ಲದಲ್ಲಿ ತಾನಿರುವ ಜಾಗವನ್ನು ಒಳಗೇ ಬರೆದಿಟ್ಟುಕೊಂಡು ಸಿಗ್ನಲ್ ಸಿಕ್ಕಿದ ಮೇಲೆ ಕಳುಹಿಸುತ್ತದೆ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನ ತರಿಸಬಹುದೇ ಎಂದರೆ, ಪರವಾನಗಿ ಇಲ್ಲದೆ ಅದನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. 2024ರ ಡಿಸೆಂಬರಿನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲೇ ಅಂಥದೊಂದು ಸಾಧನ ಚೀಲದಲ್ಲಿತ್ತೆಂದು ಕೆನಡಾದ ಮಹಿಳೆಯೊಬ್ಬರನ್ನು ತಡೆದದ್ದು ಸುದ್ದಿಯಾಗಿತ್ತು.

ಹೀಗಾಗಿ ರೇಡಿಯೋ ಕಡೆ ಮನಸ್ಸು ಹರಿಯುವುದು ಸಹಜ. ಆದರೆ ಹ್ಯಾಮ್ ರೇಡಿಯೋ ಎಂದರೆ ಏನು ಎಂಬುದರಲ್ಲೇ ನಮ್ಮಲ್ಲಿ ಗೊಂದಲ ಇದೆ. ಅಮೆರಿಕದ ಸಿನಿಮಾಗಳಲ್ಲಿ ಲಾರಿ ಡ್ರೈವರುಗಳು ಮೈಕು ಹಿಡಿದು ಮಾತಾಡುವುದನ್ನು ನೋಡಿ ಅದೇ ಹ್ಯಾಮ್ ಎಂದುಕೊಂಡವರು ಬಹಳ. ಅದು ಸಿಟಿಜನ್ ಬ್ಯಾಂಡ್, ಅಂದರೆ ಸಿ.ಬಿ. 1973ರ ತೈಲ ಬಿಕ್ಕಟ್ಟಿನ ನಂತರ ಡೀಸೆಲ್ ಎಲ್ಲಿ ಸಿಗುತ್ತದೆ, ಪೊಲೀಸರು ಎಲ್ಲಿ ನಿಂತಿದ್ದಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಅಲ್ಲಿನ ಲಾರಿಯವರು ಅದನ್ನು ಬಳಸಿದರು. 19ನೇ ಚಾನೆಲ್ ಲಾರಿಯವರ ಚಾನೆಲ್ ಎಂದೇ ಹೆಸರಾಯಿತು. ಆಸ್ಟ್ರೇಲಿಯಾದ ಹೆದ್ದಾರಿಗಳಲ್ಲಿ 40ನೇ ಚಾನೆಲ್ ಹಾಗೆಯೇ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕಟ್ಟಿಗೆ ಸಾಗಿಸುವ ಕಾಡುರಸ್ತೆಗಳಿಗೆ ಗೊತ್ತುಪಡಿಸಿದ ರೇಡಿಯೋ ಚಾನೆಲ್‌ಗಳಿವೆ. ಚಾನೆಲ್ ಯಾವುದೆಂದು ರಸ್ತೆಯ ಬಾಯಲ್ಲೇ ಬೋರ್ಡು ಹಾಕಿರುತ್ತಾರೆ. ಡ್ರೈವರು ಇಂತಿಷ್ಟನೇ ಕಿಲೋಮೀಟರಿನಲ್ಲಿದ್ದೇನೆ, ಲೋಡ್ ಗಾಡಿ, ಇಳಿಯುತ್ತಿದ್ದೇನೆ ಎಂದು ಕೂಗುತ್ತಾ ಹೋಗುತ್ತಾನೆ. ಎದುರಿನವನು ಅಗಲವಾದ ಜಾಗ ನೋಡಿ ಬದಿಗೆ ನಿಲ್ಲುತ್ತಾನೆ. ನಮ್ಮ ಘಾಟುಗಳಿಗೆ ಬೇಕಾಗಿರುವುದು ನಿಜವಾಗಿ ನೋಡಿದರೆ ಇದೇ. ಇದು ಯಾವುದೂ ಹ್ಯಾಮ್ ಅಲ್ಲ.

ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋ. ಭಾರತದಲ್ಲಿ ಇದಕ್ಕೆ 1978ರ ನಿಯಮಾವಳಿ ಇದೆ. ಈಗ ಮೂಲ ಕಾನೂನುಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದ್ದರೂ ಹ್ಯಾಮ್‌ನ ತಿರುಳು ಬದಲಾಗಿಲ್ಲ. ಸ್ವಂತ ಕಲಿಕೆಗೆ, ಪರಸ್ಪರ ಸಂಪರ್ಕಕ್ಕೆ, ತಾಂತ್ರಿಕ ಪ್ರಯೋಗಕ್ಕೆ ಇದು ಇರುವುದು. ಹಣಕಾಸಿನ ಲಾಭದ ಉದ್ದೇಶ ಇರಕೂಡದು. "ಮಾಲು ಇಳಿಸಿ ಆಯ್ತು, ವಾಪಸ್ ಲೋಡ್ ಯಾರ ಹತ್ತಿರ?" ಎಂದು ಹ್ಯಾಮ್ ಬ್ಯಾಂಡಿನಲ್ಲಿ ಕೇಳಿದರೆ ಅಲ್ಲಿಗೇ ನಿಯಮ ಮುರಿಯಿತು. ಸಭೆಯಲ್ಲಿ ಮಾಲೀಕರು ಹೇಳಿದ ಉಪಯೋಗಗಳ ಪಟ್ಟಿಯನ್ನು ನಾವು ಬರೆದುಕೊಂಡಿದ್ದೆವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯಾಪಾರದವು: ಬಾಡಿಗೆ, ಡೀಸೆಲ್, ಗೇಟ್ ಪಾಸ್, ಕ್ಲೀನರ್ ಓಡಿಹೋದ ಸಮಾಚಾರ. ಇವಕ್ಕೆ ಹ್ಯಾಮ್ ಇಲ್ಲ.

ಎರಡನೆಯ ಮಾತು ಇನ್ನೂ ಮುಖ್ಯ. ಪರವಾನಗಿ ಲಾರಿಗೆ ಸಿಗುವುದಿಲ್ಲ, ಮನುಷ್ಯನಿಗೆ ಸಿಗುತ್ತದೆ. ಪರ್ಮಿಟ್, ಇನ್ಶೂರೆನ್ಸ್, ಫಿಟ್ನೆಸ್ ಎಲ್ಲವೂ ಗಾಡಿಯ ಹೆಸರಿನಲ್ಲಿರುವುದನ್ನು ನೋಡಿ ಅಭ್ಯಾಸವಾದ ನಮ್ಮವರಿಗೆ ಇದು ಸುಲಭಕ್ಕೆ ತಲೆಗೆ ಹೋಗುತ್ತಿಲ್ಲ. 12 ವರ್ಷ ತುಂಬಿದ ಯಾರೂ ಪರೀಕ್ಷೆ ಬರೆಯಬಹುದು. ರೇಡಿಯೋದ ಪ್ರಾಥಮಿಕ ತತ್ವ, ನಿಯಮಗಳು ಇಷ್ಟು ಪಠ್ಯ. ಕೆಳಗಿನ ದರ್ಜೆಗೆ, ಅಂದರೆ ರೆಸ್ಟ್ರಿಕ್ಟೆಡ್ ದರ್ಜೆಗೆ, ಮೋರ್ಸ್ ಸಂಕೇತದ ಪರೀಕ್ಷೆಯೂ ಇಲ್ಲ. ಶುಲ್ಕ 20 ವರ್ಷಕ್ಕೆ 1,000 ರೂಪಾಯಿ, ಜೀವನಪರ್ಯಂತಕ್ಕೆ 2,000. ಪಾಸಾದವರಿಗೆ ವಿ.ಯು. ಎಂದು ಆರಂಭವಾಗುವ ಕರೆಸಂಕೇತ ಸಿಗುತ್ತದೆ, ಮಾತಾಡುವಾಗಲೆಲ್ಲ ಅದನ್ನು ಹೇಳಬೇಕು. ದುಬಾರಿ ಏನೂ ಅಲ್ಲ. ಕಷ್ಟ ಇರುವುದು ಬೇರೆ ಕಡೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಸ್ಟೇರಿಂಗ್ ಹಿಡಿದವನಿಗೆ ಕೆಪಾಸಿಟರ್, ರೆಸಿಸ್ಟರ್ ಕಲಿಸುವವರು ಯಾರು? ಕನ್ನಡದಲ್ಲಿ ಕೂತು ಹೇಳಿಕೊಟ್ಟರೆ ಖಂಡಿತ ಕಲಿಯುತ್ತಾನೆ. ಗಾಡಿಯ ವೈರಿಂಗ್ ಬಲ್ಲವನಿಗೆ ಓಮ್ಸ್ ನಿಯಮ ಹೊಸದೇನಲ್ಲ, ಹೆಸರು ಮಾತ್ರ ಹೊಸದು.

ಇನ್ನೊಂದು ತೊಡಕು. ಮೋಟಾರು ವಾಹನ ಕಾಯ್ದೆಯ 184ನೇ ಕಲಂ, 2019ರ ತಿದ್ದುಪಡಿಯ ನಂತರ, ಗಾಡಿ ಓಡಿಸುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಬಳಸುವುದನ್ನು ಅಪಾಯಕಾರಿ ಚಾಲನೆ ಎಂದೇ ಎಣಿಸುತ್ತದೆ. ಮೈಕು ಡ್ರೈವರನ ಕೈಯಲ್ಲಿರಬಾರದು. ಹಾಗಾದರೆ ಕ್ಲೀನರ್ ಮಾತಾಡಲಿ ಎಂದರೆ ಪರವಾನಗಿ ಕ್ಲೀನರನಿಗೆ ಬೇಕು. ನಮ್ಮ ಲಾರಿಗಳಲ್ಲಿ ಕ್ಲೀನರುಗಳು ಮೂರು ತಿಂಗಳಿಗೊಬ್ಬರು ಬದಲಾಗುತ್ತಾರೆ! ಈ ಗಂಟನ್ನು ಬಿಡಿಸದೆ ಸೆಟ್ ತರುವುದು ಎತ್ತು ಕೊಳ್ಳುವ ಮೊದಲೇ ಬಾರುಕೋಲು ಕೊಂಡ ಹಾಗೆ.

ಈಗ ಕೂರಿಸುವ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರಿಕೆ, ಏಕೆಂದರೆ ಹಣ ಹಾಳಾಗುವುದು ಇಲ್ಲೇ.

ಹ್ಯಾಮ್ ಸೆಟ್ಟುಗಳು ಕಾರಿಗೆಂದು ಮಾಡಿದವು, 12 ವೋಲ್ಟಿನಲ್ಲಿ ನಡೆಯುತ್ತವೆ. ಸರಿಯಾಗಿ ಹೇಳಬೇಕೆಂದರೆ 13.8 ವೋಲ್ಟು. ದೊಡ್ಡ ಲಾರಿಗಳದು 24 ವೋಲ್ಟು, 12ರ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ನೇರ ಕೊಟ್ಟರೆ ಸೆಟ್ ಸುಟ್ಟುಹೋಗುತ್ತದೆ, ಇದು ಎಲ್ಲರಿಗೂ ಗೊತ್ತು. ಗ್ಯಾರೇಜಿನವರ ಉಪಾಯವೆಂದರೆ ಎರಡರಲ್ಲಿ ಒಂದೇ ಬ್ಯಾಟರಿಯಿಂದ ವೈರ್ ಎಳೆಯುವುದು. ಟೇಪ್ ರೆಕಾರ್ಡರಿನ ಕಾಲದಿಂದಲೂ ಹೀಗೇ ಮಾಡಿಕೊಂಡು ಬಂದಿದ್ದಾರೆ. ಆದರೆ 50 ವಾಟಿನ ಸೆಟ್ ಮಾತಾಡುವಾಗ ಹತ್ತು ಆಂಪಿಯರಿಗೂ ಮೇಲೆ ಎಳೆಯುತ್ತದೆ. ಒಂದು ಬ್ಯಾಟರಿ ದಿನವೂ ಹೆಚ್ಚು ಖಾಲಿಯಾಗುತ್ತದೆ, ಇನ್ನೊಂದು ಅಗತ್ಯಕ್ಕಿಂತ ಹೆಚ್ಚು ಚಾರ್ಜ್ ಆಗುತ್ತದೆ, ಕೆಲವೇ ತಿಂಗಳಲ್ಲಿ ಎರಡೂ ಹೋಗುತ್ತವೆ. ಆದ್ದರಿಂದ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಬೇಕೇ ಬೇಕು, ಅದೂ ಸೆಟ್ಟಿನ ಅಗತ್ಯಕ್ಕಿಂತ ಒಂದಷ್ಟು ಹೆಚ್ಚು ಆಂಪಿಯರಿನದು. ಅಗ್ಗದ ಕನ್ವರ್ಟರು ತಾನೇ ಗೊರಗೊರ ಸದ್ದು ಹುಟ್ಟಿಸುತ್ತದೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲದ ಕಾರಣ ಸಿಕ್ಕಿದ ನಿಶ್ಶಬ್ದವನ್ನು ಈ ಪೆಟ್ಟಿಗೆ ಕಿತ್ತುಕೊಳ್ಳಬಾರದು. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ದೂರದಲ್ಲಿಟ್ಟರೆ ನಡುವೆ ವೈರ್ ಉಜ್ಜಿ ಚಾಸಿಗೆ ತಗುಲಿದಾಗ ಬೆಂಕಿಯೇ.

ವೈರ್ ಉಜ್ಜದೆ ಇರುವುದಿಲ್ಲ. ಬ್ಯಾಟರಿ ಇರುವುದು ಚಾಸಿಯ ಪಕ್ಕದಲ್ಲಿ, ಕೆಸರು ಹಾರುವ ಜಾಗದಲ್ಲಿ. ಸೆಟ್ ಇರುವುದು ಕ್ಯಾಬಿನ್ನಿನಲ್ಲಿ. ಈಗಿನ ಲಾರಿಗಳ ಕ್ಯಾಬಿನ್ ಎಂಜಿನ್ ನೋಡಲು ಮುಂದಕ್ಕೆ ಮಗುಚುತ್ತದೆ. ವೈರನ್ನು ಬಿಗಿಯಾಗಿ ಎಳೆದಿದ್ದರೆ ಮೊದಲ ಸಲ ಕ್ಯಾಬಿನ್ ಮಗುಚಿದಾಗಲೇ ಕಿತ್ತುಬರುತ್ತದೆ. ಮಗುಚುವ ಕೀಲಿನ ಬಳಿ ವೈರನ್ನು ಸಡಿಲವಾಗಿ ಸುರುಳಿ ಬಿಟ್ಟು, ರಬ್ಬರ್ ಕೊಳವೆಯೊಳಗೆ ಹಾಯಿಸಬೇಕು. ಕ್ಯಾಬಿನ್ ರಬ್ಬರ್ ಬುಷ್‌ಗಳ ಮೇಲೆ ಕೂತಿರುವುದರಿಂದ ಅರ್ಥಿಂಗ್ ಸರಿಯಾಗಿ ಸಿಗುವುದಿಲ್ಲ. ಹೆಣೆದ ತಾಮ್ರದ ಪಟ್ಟಿಯಿಂದ ಕ್ಯಾಬಿನ್ನನ್ನೂ ಚಾಸಿಯನ್ನೂ ಜೋಡಿಸಿದರೆ ಗದ್ದಲ ಎಷ್ಟೋ ಕಡಿಮೆ.

ಕುಲುಕಾಟದ ವಿಷಯ ಘಾಟು ಹತ್ತಿದವರಿಗೆ ಹೇಳಬೇಕಾಗಿಲ್ಲ. ಸಾಮಾನ್ಯ ನಟ್ಟು ವಾರದಲ್ಲಿ ಸಡಿಲ. ಒಳಗೆ ನೈಲಾನ್ ಇರುವ ನಟ್ಟು ಹಾಕಬೇಕು, ಬ್ರ್ಯಾಕೆಟ್ಟಿನ ಕೆಳಗೆ ರಬ್ಬರ್ ವಾಷರ್ ಕೊಡಬೇಕು. ಮುಖಫಲಕ ಬೇರ್ಪಡುವ ಸೆಟ್ ಆದರೆ ಒಳ್ಳೆಯದು. ಭಾರದ ಭಾಗವನ್ನು ಸೀಟಿನ ಹಿಂದೆ ಬಿಗಿದು, ಹಗುರ ಫಲಕವನ್ನು ಮಾತ್ರ ಡ್ಯಾಶ್‌ಬೋರ್ಡಿನಲ್ಲಿ ಇಡಬಹುದು. ರಾತ್ರಿ ಧಾಬಾದಲ್ಲಿ ಮಲಗುವಾಗ ಫಲಕ ಕಳಚಿ ತಲೆದಿಂಬಿನಡಿ ಇಟ್ಟುಕೊಂಡರೆ ಕಳ್ಳತನದ ಭಯವೂ ಕಡಿಮೆ. ಸೀಟಿನ ಕೆಳಗೆ ನೆಲಕ್ಕೆ ತಾಗಿಸಿ ಇಡಬೇಡಿ, ಮಳೆನೀರು ಬರುವುದು ಅಲ್ಲಿಗೇ. ಅದಿರು ರಸ್ತೆಯ ಕೆಂಪು ಧೂಳು ಸೆಟ್ಟಿನ ಫ್ಯಾನಿಗೆ ಮೆತ್ತಿಕೊಳ್ಳುತ್ತದೆ, ತಿಂಗಳಿಗೊಮ್ಮೆ ಬ್ರಷ್ ಆಡಿಸಬೇಕು.

ಆಂಟೆನಾ ಇನ್ನೊಂದು ಕಥೆ. ಗಾಡಿಯಲ್ಲಿ ಹೆಚ್ಚು ಬಳಕೆಯಾಗುವ 144ರಿಂದ 146 ಮೆಗಾಹರ್ಟ್ಸ್ ಬ್ಯಾಂಡಿಗೆ ಅರ್ಧ ಮೀಟರ್ ಉದ್ದದ ಕಡ್ಡಿ ಸಾಕು. ಆದರೆ ಅದರ ಕೆಳಗೆ ಲೋಹದ ಹಾಸು ಬೇಕು. ನಮ್ಮ ಎಷ್ಟೋ ಹಳೆಯ ಗಾಡಿಗಳ ಕ್ಯಾಬಿನ್ ಬಾಡಿ ಕಟ್ಟುವವರು ಮರದ ಚೌಕಟ್ಟಿಗೆ ತಗಡು ಹೊಡೆದು ಮಾಡಿದ್ದು, ಕೆಲವಕ್ಕೆ ಮೇಲೆ ಫೈಬರ್. ಫೈಬರಿನ ಮೇಲೆ ಆಂಟೆನಾ ನೆಟ್ಟರೆ ಇದ್ದೂ ಇಲ್ಲದ ಹಾಗೆ. ಅಯಸ್ಕಾಂತದ ಬುಡದ ಆಂಟೆನಾ ಮೊದಲ ಮಾವಿನ ಟೊಂಗೆಗೇ ಹಾರಿಹೋಗುತ್ತದೆ. ಬುಡದಲ್ಲಿ ಸ್ಪ್ರಿಂಗ್ ಇರುವ ಕಡ್ಡಿಯನ್ನು ಕನ್ನಡಿಯ ಬ್ರ್ಯಾಕೆಟ್ಟಿಗೋ ಕ್ಯಾಬಿನ್ ಮೇಲಿನ ಕಬ್ಬಿಣದ ಕ್ಯಾರಿಯರಿಗೋ ಬೋಲ್ಟು ಮಾಡುವುದು ಲೇಸು. ಕೂರಿಸಿದ ಮೇಲೆ ಎಸ್‌ಡಬ್ಲ್ಯೂಆರ್ ಮೀಟರ್ ಹಿಡಿದು ನೋಡದೆ ಮೈಕು ಒತ್ತಬಾರದು, ಸೆಟ್ಟಿನ ಔಟ್‌ಪುಟ್ ಭಾಗ ಹಾಳಾಗುತ್ತದೆ. ಡೀಸೆಲ್ ಬಂಕಿನಲ್ಲಿ, ಗ್ಯಾಸ್ ಟ್ಯಾಂಕರಿನ ಬಳಿ ಸೆಟ್ ಆಫ್ ಇರಲಿ.

ಇಷ್ಟೆಲ್ಲ ಮಾಡಿದರೂ ಅನಮೋಡದ ತಿರುವಿನಿಂದ ಕುಂಡಯಿಗೆ ನೇರ ಮಾತು ಸಿಗುವುದಿಲ್ಲ. 145 ಮೆಗಾಹರ್ಟ್ಸ್ ಅಲೆ ಕಣ್ಣಿನ ನೋಟದ ಹಾಗೆ, ಗುಡ್ಡ ಅಡ್ಡ ಬಂದರೆ ನಿಂತುಬಿಡುತ್ತದೆ. ಎತ್ತರದ ಜಾಗದಲ್ಲಿ ರಿಪೀಟರ್ ಇದ್ದರೆ ಮಾತ್ರ ದೂರ ಮುಟ್ಟುತ್ತದೆ. ಇನ್ನೊಂದು ದಾರಿ 7 ಮೆಗಾಹರ್ಟ್ಸಿನದು. ಅಲೆಯನ್ನು ನೆಟ್ಟಗೆ ಮೇಲಕ್ಕೆ ಕಳುಹಿಸಿದರೆ ಹಗಲಿನಲ್ಲಿ ಅಯಾನುಮಂಡಲಕ್ಕೆ ತಾಗಿ ಮಳೆಯ ಹಾಗೆ ಸುತ್ತಲೂ ಕೆಳಗಿಳಿಯುತ್ತದೆ, ಗುಡ್ಡದ ಹಂಗಿಲ್ಲ. ಇದಕ್ಕೆ ಗಾಡಿ ನಿಂತಿರಬೇಕು. ಒಟ್ಟು 20 ಮೀಟರ್ ತಂತಿಯನ್ನು ಎರಡು ಮರಗಳ ನಡುವೆ ಕಟ್ಟಿದರೆ ಬೆಳಗಾವಿ, ಹುಬ್ಬಳ್ಳಿ, ಮಂಗಳೂರಿನ ಹ್ಯಾಮ್‌ಗಳಿಗೆ ಕೇಳಿಸುವ ಸಾಧ್ಯತೆ ಚೆನ್ನಾಗಿದೆ. ಸಿಡಿಲು ಮಿಂಚಿನ ದಿನ ಕರಕರ ಸದ್ದು ಹೆಚ್ಚು, ತಂತಿ ಕಟ್ಟುವುದೂ ಅಪಾಯ. ರಾತ್ರಿಯಿಡೀ ಸಿಕ್ಕಿಬಿದ್ದವರಿಗೆ ಬೆಳಗಾದ ಮೇಲೆ ಇದೊಂದು ದಾರಿ, ಅಷ್ಟೇ.

ಹ್ಯಾಮ್‌ಗಳು ಆಪತ್ತಿಗೆ ಆಗಿಬಂದವರು ಎಂಬುದರಲ್ಲಿ ಸಂಶಯವಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಹವ್ಯಾಸದ ಕಾರ್ಯಕ್ರಮಕ್ಕೆಂದು ಪೋರ್ಟ್ ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಅವರು ತಮ್ಮ ಸೆಟ್ಟಿನಿಂದಲೇ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದರು. ಬೆಂಗಳೂರಿನಲ್ಲಿ 1959ರಿಂದ ಹ್ಯಾಮ್ ಕ್ಲಬ್ ಇದೆ. ಇಂಥವರ ಕೆಲಸ ನಿಂತಿರುವುದು ಸೆಟ್ಟಿನ ಸಂಖ್ಯೆಯ ಮೇಲಲ್ಲ, ಇನ್ನೊಂದು ತುದಿಯಲ್ಲಿ ಕೇಳಿಸಿಕೊಳ್ಳುವ ಅಭ್ಯಾಸವಿರುವ ಜನರ ಮೇಲೆ. ಇಪ್ಪತ್ತು ಲಾರಿಯಲ್ಲಿ ಸೆಟ್ ಇದ್ದು, ಕುಂಡಯಿಯಲ್ಲಿ ಕೇಳುವ ಕಿವಿ ಒಂದೂ ಇಲ್ಲದಿದ್ದರೆ ಏನು ಬಂತು?

ಪೇಟೆಯಲ್ಲಿ, ಆನ್‌ಲೈನಿನಲ್ಲಿ ಸಿಗುವ ಅಗ್ಗದ ವಾಕಿಟಾಕಿಗಳ ಬಗ್ಗೆ ಎಚ್ಚರ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥವನ್ನು ಮಾರುತ್ತಿದ್ದ 13 ಇ-ಕಾಮರ್ಸ್ ತಾಣಗಳಿಗೆ ನೋಟಿಸ್ ಕೊಟ್ಟಿತು, ಮಾರ್ಗಸೂಚಿಯನ್ನೂ ಹೊರಡಿಸಿತು. ಪರವಾನಗಿ ಬೇಕೆಂಬುದನ್ನು ಹೇಳದೆ ಮಾರುತ್ತಿದ್ದಾರೆ ಎಂಬುದೇ ಆಕ್ಷೇಪ. ಪರವಾನಗಿ ಬೇಡದ ಸೆಟ್ಟುಗಳೂ ಇವೆ: 446.0ರಿಂದ 446.2 ಮೆಗಾಹರ್ಟ್ಸಿನ ಕಡಿಮೆ ಶಕ್ತಿಯವು, ಮತ್ತು 27 ಮೆಗಾಹರ್ಟ್ಸ್ ಆಸುಪಾಸಿನ ಸಿಟಿಜನ್ ಬ್ಯಾಂಡಿನ 5 ವಾಟಿನವು. ಇಲಾಖೆಯ ಅನುಮೋದನೆ ಪಡೆದ ಮಾದರಿಯೇ ಆಗಿರಬೇಕು. ಒಟ್ಟಿಗೆ ಹೋಗುವ ಎರಡು ಮೂರು ಗಾಡಿಗಳು, ಮುಂದಿನ ತಿರುವಿನಲ್ಲಿ ಏನಿದೆ ಎಂದು ಹಿಂದಿನವನಿಗೆ ಹೇಳಲು ಇವು ಸಾಕು. ವ್ಯಾಪಾರದ ಮಾತಿಗೆ ದೂರದ ಸಂಪರ್ಕವೇ ಬೇಕೆಂದರೆ ಸಾಗಣೆದಾರರು ಒಟ್ಟಾಗಿ ದೂರಸಂಪರ್ಕ ಇಲಾಖೆಯಿಂದ ಸ್ವಂತ ಬಳಕೆಯ ವಾಕಿಟಾಕಿ ಜಾಲಕ್ಕೆ ಪರವಾನಗಿ ಪಡೆಯಬೇಕು. ಅದಕ್ಕೆ ತರಂಗಾಂತರದ ಶುಲ್ಕ ಇದೆ, ಕಾಗದಪತ್ರ ಬಹಳ. ಮೂವತ್ತು ವರ್ಷ ಫೈಲು ಹೊತ್ತ ನಮಗೇ ಅರ್ಜಿ ನೋಡಿ ಒಮ್ಮೆ ನಿಟ್ಟುಸಿರು ಬಂತು.

ಆದ್ದರಿಂದ ನಮ್ಮ ಸಲಹೆ ಇದು. ಲಾರಿಗಳಿಗೆ ಸೆಟ್ ಕೊಳ್ಳಲು ಸಂಘದ ಹಣ ಈಗ ಬೇಡ. ಅದೇ ಹಣದ ಒಂದು ಭಾಗದಲ್ಲಿ ನಮ್ಮ ನಾಲ್ಕೈದು ಡ್ರೈವರುಗಳಿಗೆ, ಕಾಲೇಜಿಗೆ ಹೋಗುವ ಮೂರ್ನಾಲ್ಕು ಮಕ್ಕಳಿಗೆ, ಹೆಣ್ಣುಮಕ್ಕಳೂ ಸೇರಿ, ಪರೀಕ್ಷೆ ಕಟ್ಟಿಸೋಣ. ಭಾನುವಾರಗಳಲ್ಲಿ ಸಂಘದ ಕೋಣೆಯಲ್ಲಿ ಕನ್ನಡದಲ್ಲೇ ಪಾಠ ನಡೆಯಲಿ. ಪರವಾನಗಿ ಬಂದವರ ಪೈಕಿ ಒಬ್ಬರ ಮನೆಯಲ್ಲಿ ಮೊದಲು ಸೆಟ್ ಕೂರಲಿ, ಲಾರಿಯ ಸರದಿ ಆಮೇಲೆ. ಗಾಡಿಯಲ್ಲಿ ಬಳಸುವ ಉದ್ದೇಶವನ್ನು ಅರ್ಜಿಯಲ್ಲೇ ತಿಳಿಸಿ, ಬಂದ ಪರವಾನಗಿಯ ಷರತ್ತನ್ನು ಅಕ್ಷರ ಅಕ್ಷರ ಓದಿಕೊಂಡು ಮುಂದುವರಿಯೋಣ. ಅಷ್ಟರಲ್ಲಿ ಘಾಟಿನ ಮೊಬೈಲ್ ಸಂಪರ್ಕದ ಬಗ್ಗೆ ಎರಡೂ ರಾಜ್ಯಗಳ ಜಿಲ್ಲಾಡಳಿತಕ್ಕೆ ಸಂಘದ ಲೆಟರ್‌ಹೆಡ್ಡಿನಲ್ಲಿ ಮನವಿ ಸಿದ್ಧವಾಗುತ್ತಿದೆ. ಯಾವ ತಿರುವಿನಿಂದ ಯಾವ ತಿರುವಿನವರೆಗೆ ಸಿಗ್ನಲ್ ಇಲ್ಲ ಎಂದು ಕಿಲೋಮೀಟರ್ ಕಲ್ಲಿನ ಸಂಖ್ಯೆ ಸಹಿತ ಬರೆದುಕೊಡಬೇಕೆಂದು ಡ್ರೈವರ್ ಬಂಧುಗಳಲ್ಲಿ ವಿನಂತಿ. ಕ್ಲೀನರ್ ಬರೆದರೂ ನಡೆಯುತ್ತದೆ.

ಪಾಠಕ್ಕೆ ಸೇರುವವರು ಮುಂದಿನ ಮಾಸಿಕ ಸಭೆಯೊಳಗೆ ಸಂಘದ ಕಚೇರಿಯ ನೋಂದಣಿ ಪುಸ್ತಕದಲ್ಲಿ ಹೆಸರು, ವಯಸ್ಸು, ಓದಿದ್ದು ಎಷ್ಟು ಎಂಬುದನ್ನು ಬರೆಯಿಸಬೇಕು. ವಾಕಿಟಾಕಿಯನ್ನು ಈಗಾಗಲೇ ಕೊಂಡಿರುವ ಇಬ್ಬರು ಸದಸ್ಯರು ಪೆಟ್ಟಿಗೆ ಸಮೇತ ತಂದು ತೋರಿಸಿದರೆ, ಅದು ಯಾವ ತರಂಗಾಂತರದ್ದು, ಅನುಮೋದನೆ ಇದೆಯೇ ಎಂದು ಎಲ್ಲರೂ ಸೇರಿ ನೋಡಬಹುದು. ಅಲ್ಲಿಯವರೆಗೆ ಅದನ್ನು ಘಾಟಿಗೆ ಒಯ್ಯಬೇಡಿ.